ಹದ್ದಿಗೆ ಯಾವ ವಸಂತ?

"ಹದ್ದುಗಳು ಯಾವ ಕಾಲದಲ್ಲಿ ಮೊಟ್ಟೆಯಿಡುತ್ತವೆ?" ಮಕ್ಕಳ ಒಂದು ರಸಪ್ರಶ್ನೆ ಸ್ಪರ್ಧೆಯಲ್ಲಿ ಬಂದ ಪ್ರಶ್ನೆ ಇದು. ನಮ್ಮ ಶಾಲೆಯ ಏಳನೇ ತರಗತಿಯ ಹುಡುಗಿ ಎದ್ದು ನಿಂತು "ಮಳೆ ಪೂರಾ ಬಿಟ್ಟ ಮೇಲೆ, ಜಾರ್ದೆ ತಿಂಗಳಲ್ಲಿ" ಅಂದಳು. ತಪ್ಪು ಅಂದರು. ಚೀಟಿಯಲ್ಲಿ ಬರೆದಿದ್ದ ಸರಿಯುತ್ತರ "ವಸಂತ ಋತು". ಪ್ರಶ್ನೆ ಪಕ್ಕದ ಶಾಲೆಗೆ ಹೋಯಿತು. ಅಲ್ಲಿನ ಹುಡುಗ ಗೈಡಿನಲ್ಲಿ ಇದ್ದಂತೆ ವಸಂತ ಅಂದ, ಅಂಕ ತೆಗೆದುಕೊಂಡ. ಆ ಹುಡುಗನ ಮೇಲೆ ನಮಗೇನೂ ಸಿಟ್ಟಿಲ್ಲ. ಸಿಟ್ಟು ಇರುವುದು ಆ ಚೀಟಿಯ ಮೇಲೆ.

ಒಂದು ಅಂಕ ಹೋದದ್ದಕ್ಕೆ ಇಷ್ಟು ರಂಪ ಯಾಕೆ ಮಾರಾಯ್ರೇ ಎಂದು ಕೇಳುವವರು ಇದ್ದಾರೆ, ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅಂಕದ ವಿಷಯ ಅಲ್ಲ. ಆ ಹುಡುಗಿ ಕಡಲ ಬದಿಯವಳು. ಮನೆಯ ಹಿಂದಿನ ಮರದಲ್ಲಿ ಮೂರು ವರ್ಷ ಕಂಡದ್ದನ್ನು ಅವಳು ಹೇಳಿದಳು. ಕಂಡದ್ದನ್ನು ಹೇಳಿದವಳಿಗೆ ಸೊನ್ನೆ, ಎಲ್ಲೂ ಕಾಣದ್ದನ್ನು ಬಾಯಿಪಾಠ ಒಪ್ಪಿಸಿದವನಿಗೆ ಅಂಕ. ಇದು ವಿಜ್ಞಾನ ಕಲಿಸುವ ರೀತಿಯೇ? "ಎಲ್ಲಿ" ಎಂದು ಕೇಳದೆ "ಯಾವಾಗ" ಎಂದು ಮಾತ್ರ ಕೇಳಿದರೆ ಹದ್ದಿನ ಮಟ್ಟಿಗೆ ಆ ಪ್ರಶ್ನೆಗೆ ಸರಿಯುತ್ತರವೇ ಇಲ್ಲ. ಇಲ್ಲದ ಉತ್ತರವನ್ನು ಕಲಿಸಿದರೆ ಮಗುವಿಗೂ ನಷ್ಟ, ಹದ್ದಿಗೂ ನಷ್ಟ. ಹದ್ದಿನ ನಷ್ಟ ಹೆಚ್ಚು ದೊಡ್ಡದು, ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಯಾವ ಹದ್ದು ಎಂದು ಹೇಳಬೇಕು. ನಮ್ಮಲ್ಲಿ ಈ ಹೆಸರಿನದ್ದೇ ಒಂದು ಗೋಜಲು. ಕನ್ನಡದಲ್ಲಿ ಸುಮ್ಮನೆ ಹದ್ದು ಅಂದರೆ ಮೀನು ಮಾರ್ಕೆಟಿನ ಮೇಲೆ ಸುತ್ತುವ ಕಂದು ಹಕ್ಕಿ. ಬಿಳಿ ಎದೆ, ಇಟ್ಟಿಗೆ ಬಣ್ಣದ ಮೈ ಇದ್ದರೆ ಗರುಡ, ಅದನ್ನು ಕಂಡರೆ ಕೈಮುಗಿಯುವವರು ಈಗಲೂ ಇದ್ದಾರೆ. ಮನೆಯಲ್ಲಿ ತುಳು ಆಡುವ ಮಕ್ಕಳಿಗೆ ಎಲ್ಲವೂ ಗಿಡಿ, ಮಲಯಾಳ ಆಡುವವರಿಗೆ ಎಲ್ಲವೂ ಪರುಂದು. ನಾವು ಇಲ್ಲಿ ಹೇಳುತ್ತಿರುವುದು ಬಿಳಿಹೊಟ್ಟೆಯ ಕಡಲ ಹದ್ದಿನ ವಿಷಯ. ತಲೆ, ಕುತ್ತಿಗೆ, ಹೊಟ್ಟೆ ಅಚ್ಚ ಬಿಳಿ, ಬೆನ್ನು ಬೂದು, ಬಾಲ ಚಿಕ್ಕದು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್. ಮೀನು ತಿನ್ನುತ್ತದೆ, ಕಡಲ ಹಾವನ್ನೂ ಎತ್ತಿಕೊಂಡು ಬರುತ್ತದೆ. ಕಾಲಲ್ಲಿ ಹಾವು ಜೋತಾಡಿಸಿಕೊಂಡು ತೆಂಗಿನ ತೋಟದ ಮೇಲೆ ಹಾರುವ ಇದನ್ನು ಕಂಡ ಮಕ್ಕಳು ಮತ್ತೆ ಮರೆಯುವುದಿಲ್ಲ. ಕೇರಳದಲ್ಲಿ ಇದರ ಗೂಡುಗಳು ಮುಖ್ಯವಾಗಿ ಇರುವುದು ನಮ್ಮ ಈ ಉತ್ತರದ ಮೂಲೆಯಲ್ಲಿ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಹಕ್ಕಿ, ಮರ, ಹೂ, ಪ್ರಾಣಿ ಎಂದು ಆರಿಸಿಕೊಂಡಾಗ ಜಿಲ್ಲೆಯ ಹಕ್ಕಿ ಎಂಬ ಪಟ್ಟ ಸಿಕ್ಕಿದ್ದು ಇದಕ್ಕೇ. ಪಟ್ಟ ಕಟ್ಟಿದ್ದು ಸಂತೋಷ. ಆದರೆ ನಮ್ಮ ಜಿಲ್ಲೆಯ ಹಕ್ಕಿ ನಮ್ಮ ಜಿಲ್ಲೆಯಲ್ಲಿ ಯಾವಾಗ ಮೊಟ್ಟೆಯಿಡುತ್ತದೆ ಎಂದು ನಮ್ಮ ಜಿಲ್ಲೆಯ ಮಗು ಹೇಳಿದರೆ ತಪ್ಪು ಅನ್ನುತ್ತಾರಲ್ಲ!

ಹಾಗಾದರೆ ಇಲ್ಲಿ ಅದರ ಲೆಕ್ಕ ಹೇಗೆ? ತಲಪಾಡಿಯಿಂದ ತೃಕ್ಕರಿಪುರದ ವರೆಗಿನ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಒಳನಾಡಿನ ಓದುಗರಿಗಾಗಿ ಹೇಳುತ್ತೇವೆ. ಜೂನ್ ಬಂತೆಂದರೆ ನಮ್ಮಲ್ಲಿ ಕಡಲು ಕೆಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ನೀರು ಕೆಂಪು, ಅಲೆ ಆಳೆತ್ತರ, ಗಾಳಿಗೆ ಮರದ ತುದಿ ನಿಲ್ಲುವುದಿಲ್ಲ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಗಡಿ ದಾಟಿ ಉಳ್ಳಾಲಕ್ಕೆ ಹೋದರೆ ಜೂನ್ 1ರಿಂದಲೇ 61 ದಿನ. (ಒಂದೇ ಕಡಲು, ಅದೇ ಬೂತಾಯಿ, ಅದೇ ಬಂಗುಡೆ. ಗಡಿಯ ಗೆರೆ ನೀರಿನ ಮೇಲೂ ಇದೆ ಎಂದು ಮೀನಿಗೆ ಯಾರು ಹೇಳಬೇಕೋ!) ದೋಣಿಯವನಿಗೇ ಆಗದ ಆ ಕಾಲದಲ್ಲಿ ಎರಡು ಮರಿಗಳ ಬಾಯಿಗೆ ದಿನಾ ಮೀನು ತರುವುದು ಹದ್ದಿನ ಕೈಲಿ ಆಗುವ ಕೆಲಸವೇ?

ಆದ್ದರಿಂದ ನಮ್ಮ ಕಡಲ ಹದ್ದು ಮಳೆ ಬಿಡುವುದನ್ನು ಕಾಯುತ್ತದೆ. ಅಕ್ಟೋಬರ್ ಹೊತ್ತಿಗೆ, ಅಂದರೆ ಬೊಂತೆಲ್ ತಿಂಗಳಿಗೆ, ಜೋಡಿ ಹಳೆಯ ಗೂಡಿಗೆ ಕೋಲು ಹೊರಲು ತೊಡಗುತ್ತದೆ. ತುಲಾ ಹತ್ತಕ್ಕೆ ಕಾವುಗಳಲ್ಲಿ ತೆಯ್ಯಂ ಸುರುವಾಗುವ ಹೊತ್ತಿಗೇ ಇದರ ಸಡಗರವೂ ಸುರು. ಮುಂದಿನ ಒಂದೆರಡು ತಿಂಗಳಲ್ಲಿ ಮೊಟ್ಟೆ, ಸಾಮಾನ್ಯವಾಗಿ ಎರಡು. ಆರು ವಾರ ಕಾವು. ಮರಿ ಹೊರಬಂದು ಗೂಡು ಬಿಟ್ಟು ಹಾರಲು ಮತ್ತೆ ಹತ್ತು ಹನ್ನೆರಡು ವಾರ. ಕೂಡಿಸಿ ನೋಡಿ. ಜಾರ್ದೆಯಲ್ಲಿ ಮೊಟ್ಟೆಯಿಟ್ಟರೆ ಪುಯಿಂತೆಲ್ ಹೊತ್ತಿಗೆ ಗೂಡಿನಲ್ಲಿ ಬಿಳಿ ತುಪ್ಪುಳಿನ ಮರಿ, ಸುಗ್ಗಿ ತಿಂಗಳಿಗೆ ರೆಕ್ಕೆ ಬಲಿತ ಮರಿ. ಪತ್ತನಾಜೆಯ ಒಳಗೆ ಅದು ತಾನಾಗಿಯೇ ಮೀನು ಹಿಡಿಯುವುದನ್ನು ಸ್ವಲ್ಪವಾದರೂ ಕಲಿಯಬೇಕು. ಯಾಕೆಂದರೆ ಮತ್ತೆ ಮಳೆ. ಒಂದು ಜೋಡಿ ಒಂದು ತಿಂಗಳು ಮುಂದೆ, ಇನ್ನೊಂದು ಜೋಡಿ ಒಂದು ತಿಂಗಳು ಹಿಂದೆ ಇರಬಹುದು. ಆದರೆ ಆಟಿಯಲ್ಲಿ ಇಲ್ಲಿ ಮೊಟ್ಟೆಯಿಡುವ ಕಡಲ ಹದ್ದಿಲ್ಲ.

ವಸಂತ ಎಂದರೆ ಚೈತ್ರ ವೈಶಾಖ. ಆಗ ನಮ್ಮ ಹದ್ದಿನ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಹುಡುಗಿ ಹೇಳಿದ್ದು ಸರಿ.

ಇಷ್ಟು ಹೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ, "ಸರಿ ಹಾಗಾದರೆ, ಉತ್ತರವನ್ನು ತಿದ್ದೋಣ. ವಸಂತದ ಬದಲು ನವೆಂಬರ್ ಡಿಸೆಂಬರ್ ಎಂದು ಬರೆದರಾಯಿತು." ಆಗಲಿಲ್ಲ! ಅದೂ ಅಷ್ಟೇ ತಪ್ಪು. ಇದೇ ಹಕ್ಕಿ, ಕೂದಲೆಳೆಯಷ್ಟೂ ಬೇರೆಯಲ್ಲದ ಇದೇ ಬಿಳಿಹೊಟ್ಟೆಯ ಕಡಲ ಹದ್ದು, ಆಸ್ಟ್ರೇಲಿಯದ ಕರಾವಳಿಯಲ್ಲೂ ಇದೆ. ಸಿಡ್ನಿ ನಗರದ ಒಳಗೆ, ಪಾರಾಮಾಟಾ ನದಿಯ ಬದಿಯ ಕಾಡಿನಲ್ಲಿ ಒಂದು ಜೋಡಿಯ ಗೂಡಿಗೆ ಕ್ಯಾಮರಾ ಇಟ್ಟು ವರ್ಷ ವರ್ಷ ನೋಡುತ್ತಿದ್ದಾರೆ. ಅಲ್ಲಿ ಮೊಟ್ಟೆ ಬೀಳುವುದು ಹೆಚ್ಚಾಗಿ ಜೂನ್ ಜುಲೈಯಲ್ಲಿ. ನಮ್ಮಲ್ಲಿ ಶಾಲೆ ಸುರುವಾಗಿ, ಮಕ್ಕಳು ಕೊಡೆ ಹಿಡಿದು ಕೆಸರು ತುಳಿದು ಬರುವಾಗ, ನಮ್ಮ ಹದ್ದು ಒದ್ದೆ ಮುದ್ದೆಯಾಗಿ ತೆಂಗಿನ ಮರದಲ್ಲಿ ಕೂತಿರುವಾಗ, ಸಿಡ್ನಿಯ ಹದ್ದು ಮೊಟ್ಟೆಯ ಮೇಲೆ ಕಾವು ಕೂತಿರುತ್ತದೆ. ಇನ್ನೂ ದಕ್ಷಿಣಕ್ಕೆ, ಟಾಸ್ಮೇನಿಯಾ ದ್ವೀಪಕ್ಕೆ ಹೋದರೆ ಮತ್ತಷ್ಟು ತಡ. ಅಲ್ಲಿನ ಚಳಿ ಕಳೆಯಬೇಕಲ್ಲ. ಅಲ್ಲಿ ಕಾಡಿನ ಕೆಲಸದವರು ಹದ್ದುಗಳ ಗೂಡಿನ ಕಾಲ ಎಂದು ಲೆಕ್ಕ ಇಟ್ಟುಕೊಳ್ಳುವುದು ಜುಲೈಯಿಂದ ಜನವರಿಯ ವರೆಗೆ. ಆ ತಿಂಗಳುಗಳಲ್ಲಿ ಗೂಡಿನ ಹತ್ತಿರ ಮರ ಕಡಿಯುವ ಕೆಲಸಕ್ಕೆ ತಡೆ. ಆ ಪಟ್ಟಿಯನ್ನು ತಂದು ಕಾಸರಗೋಡಿನಲ್ಲಿ ಜಾರಿ ಮಾಡಿದರೆ? ಮರಿ ಗೂಡಿನಲ್ಲಿ ಬಾಯಿ ತೆರೆದು ಕೂತಿರುವ ಫೆಬ್ರವರಿಯಲ್ಲಿ "ಕಾಲ ಮುಗಿಯಿತು, ಕೊಡಲಿ ಹಾಕಬಹುದು" ಎಂದಾಗುತ್ತದೆ. ನಾವು ಕೂಡದ್ದನ್ನು ಕಲ್ಪಿಸಿ ಹೆದರಿಸುತ್ತಿಲ್ಲ. ಇನ್ನೊಂದು ಊರಿನ ತಾರೀಕನ್ನು ನಮ್ಮೂರಿಗೆ ಹಚ್ಚಿದರೆ ಆಗುವುದು ಅದೇ.

ಗರುಡನದ್ದೂ ಅದೇ ಕಥೆ. ನಮ್ಮಲ್ಲಿ ಡಿಸೆಂಬರಿನಿಂದ ಏಪ್ರಿಲ್. ಆಸ್ಟ್ರೇಲಿಯದ ದಕ್ಷಿಣ ಮತ್ತು ಪೂರ್ವಕ್ಕೆ ಆಗಸ್ಟಿನಿಂದ ಅಕ್ಟೋಬರ್, ಉತ್ತರ ಮತ್ತು ಪಶ್ಚಿಮಕ್ಕೆ ಏಪ್ರಿಲ್‌ನಿಂದ ಜೂನ್. ಒಂದೇ ದೇಶದೊಳಗೆ ಎರಡು ಲೆಕ್ಕ.

ಸಮಭಾಜಕ ವೃತ್ತದ ಆಚೆ ಈಚೆ ಋತು ತಿರುವುಮುರುವು, ಅಷ್ಟೇ ತಾನೆ, ಐದನೇ ಕ್ಲಾಸಿನ ಭೂಗೋಳ ಎಂದು ಇದನ್ನು ತಳ್ಳಿಹಾಕಬಹುದು. ಅದಕ್ಕಾಗಿಯೇ ಅಮೆರಿಕದ ಬಾಲ್ಡ್ ಈಗಲ್‌ನ ವಿಷಯ ಹೇಳಬೇಕು. ಈ ಬಿಳಿತಲೆಯ ಹದ್ದು ಉತ್ತರಾರ್ಧ ಗೋಳದಲ್ಲಿ ಮಾತ್ರ ಇರುವ ಹಕ್ಕಿ. ಆ ದೇಶದ ಲಾಂಛನದಲ್ಲಿ ಎರಡು ಶತಮಾನಗಳಿಂದ ಇದ್ದದ್ದು, 2024ರ ಡಿಸೆಂಬರಿನಲ್ಲಿ ಅಧಿಕೃತವಾಗಿಯೂ ರಾಷ್ಟ್ರಪಕ್ಷಿ ಆಯಿತು. ಫ್ಲೋರಿಡಾದಲ್ಲಿ ಇದು ಮೊಟ್ಟೆಯಿಡುವುದು ಹೆಚ್ಚಾಗಿ ಡಿಸೆಂಬರ್ ಜನವರಿಯಲ್ಲಿ, ಕೆಲವು ಜೋಡಿ ಅಕ್ಟೋಬರ್ ನವೆಂಬರಿನಲ್ಲೇ. ಅಯೋವಾದಂಥ ನಡುನಾಡಿನಲ್ಲಿ ಫೆಬ್ರವರಿ ಮಾರ್ಚ್. ಅಲಾಸ್ಕಾದಲ್ಲಿ ಏಪ್ರಿಲ್ ಕೊನೆ, ಮೇ. ಅಲಾಸ್ಕಾದ ಹದ್ದು ಮೊದಲ ಮೊಟ್ಟೆ ಇಡುವ ಹೊತ್ತಿಗೆ ಫ್ಲೋರಿಡಾದ ಮರಿ ಹಾರಿ ಆಗಿರುತ್ತದೆ! ಒಂದೇ ಹಕ್ಕಿ, ಒಂದೇ ಸರಕಾರ, ಒಂದೇ ಅರ್ಧಗೋಳ. ನಡುವೆ ಐದು ತಿಂಗಳ ಅಂತರ.

ಕಾರಣ ದೊಡ್ಡ ಗುಟ್ಟೇನಲ್ಲ. ಮೊಟ್ಟೆಯಿಡುವ ದಿನವನ್ನು ನಿರ್ಧರಿಸುವುದು ಮೊಟ್ಟೆಯಲ್ಲ, ಮುಂದೆ ಹುಟ್ಟುವ ಮರಿಯ ಹೊಟ್ಟೆ. ಮರಿಗೆ ಅತಿ ಹೆಚ್ಚು ಊಟ ಬೇಕಾಗುವ ವಾರಗಳು ಆ ಊರಿನಲ್ಲಿ ಊಟ ಸುಲಭವಾಗಿ ಸಿಗುವ ವಾರಗಳಾಗಿರಬೇಕು, ಹವೆಯೂ ಮರಿ ತಡೆದುಕೊಳ್ಳುವಂತೆ ಇರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೊಟ್ಟೆಯ ದಿನ. ಫ್ಲೋರಿಡಾದ ಬೇಸಗೆಯ ಬಿಸಿಲಿನಲ್ಲಿ ತೆರೆದ ಗೂಡಿನ ಮರಿ ಬೆಂದುಹೋಗುತ್ತದೆ. ಅಲಾಸ್ಕಾದಲ್ಲಿ ಹಿಮ ಕರಗಿ ನೀರು ಬಿಟ್ಟುಕೊಡುವ ಮೊದಲು ಮೀನಿಲ್ಲ. ನಮ್ಮಲ್ಲಿ ಮಳೆ. ಹಿಮದ ಊರಿನ ಲೆಕ್ಕಕ್ಕೂ ಮಳೆಯ ಊರಿನ ಲೆಕ್ಕಕ್ಕೂ "ವಸಂತ" ಎಂಬ ಒಂದೇ ಅಂಗಿ ಹೊಲಿದರೆ ಯಾರ ಮೈಗೂ ಸರಿಹೊಂದುವುದಿಲ್ಲ.

ಈ ವಸಂತ ಎಲ್ಲಿಂದ ಬಂತು ಎಂದು ನಾವು ಸ್ವಲ್ಪ ಯೋಚಿಸಿದ್ದೇವೆ. ಇಂಗ್ಲೆಂಡಿನ ಮಕ್ಕಳಿಗೆ ಬರೆದ ಪುಸ್ತಕದಲ್ಲಿ ಹಕ್ಕಿಗಳು ಸ್ಪ್ರಿಂಗ್‌ನಲ್ಲಿ ಗೂಡು ಕಟ್ಟುತ್ತವೆ ಎಂದು ಇರುತ್ತದೆ. ಅಲ್ಲಿಗೆ ಅದು ಬಹುಮಟ್ಟಿಗೆ ಸರಿ. ಅದನ್ನು ನೋಡಿ ಬರೆದ ಇಂಗ್ಲಿಷ್ ಗೈಡು, ಅದನ್ನು ನೋಡಿ ಮಲಯಾಳ, ಅದರಿಂದ ಕನ್ನಡ. ಪದ ಅನುವಾದವಾಯಿತು, ಋತು ಅನುವಾದವಾಗಲಿಲ್ಲ. ಗಡಿನಾಡಿನ ಕನ್ನಡ ಮಾಧ್ಯಮದವರಿಗೆ ಈ ರೋಗ ಚೆನ್ನಾಗಿ ಗೊತ್ತು. ನಮಗೆ ಬರುವುದೆಲ್ಲ ಮೂರನೇ ಕೈ ದಾಟಿ ಬಂದದ್ದು. ನಡುವೆ ಒಬ್ಬರಾದರೂ ಕಿಟಕಿಯಿಂದ ಹೊರಗೆ ನೋಡಿದ್ದರೆ ಸಾಕಿತ್ತು. ನಮ್ಮ ಕವಿಗಳ ವಸಂತದ ಕೋಗಿಲೆಯನ್ನು ನಾವು ಬೈಯುತ್ತಿಲ್ಲ, ಅದು ಬೇಸಗೆಯಲ್ಲೇ ಕೂಗುತ್ತದೆ, ಅದರ ಕಾಲ ಅದೇ. ಕೋಗಿಲೆಯ ಕಾಲವನ್ನು ಹದ್ದಿನ ಮೇಲೆ ಹೇರಬೇಡಿ ಎನ್ನುವುದಷ್ಟೇ.

ಈಗ ಹದ್ದಿನ ನಷ್ಟದ ಮಾತು. ಕಡಲ ಹದ್ದು ವರ್ಷ ವರ್ಷ ಹೊಸ ಗೂಡು ಕಟ್ಟುವ ಹಕ್ಕಿ ಅಲ್ಲ. ಅದೇ ಮರ, ಅದೇ ಗೂಡು, ಪ್ರತಿ ವರ್ಷ ಮೇಲೆ ಇನ್ನಷ್ಟು ಕೋಲು. ಹಾಗಾಗಿ ಗೂಡು ದೊಡ್ಡ ಚಾಪೆಯಷ್ಟು ಅಗಲಕ್ಕೆ, ಆಳಕ್ಕೆ ಬೆಳೆಯುತ್ತದೆ. ಇಂಥ ಭಾರ ಹೊರುವ ಮರ ಬೀದಿ ಬೀದಿಯಲ್ಲಿ ಸಿಗುವುದಿಲ್ಲ. ಕಾವುಗಳಲ್ಲಿ ಉಳಿದಿವೆ, ಹಳೆಯ ತರವಾಡುಗಳ ಹಿತ್ತಿಲಲ್ಲಿ ಕೆಲವಿವೆ. ಈ ಗೂಡು ಜುಲೈ ಆಗಸ್ಟಿನಲ್ಲಿ ಖಾಲಿ. ಮಳೆಗೆ ಅರ್ಧ ಕುಸಿದು, ಪಾಳುಬಿದ್ದ ಹಾಗೆ ಕಾಣುತ್ತದೆ. "ಹಕ್ಕಿ ಬಿಟ್ಟುಹೋದ ಗೂಡು" ಎಂದು ಎಲ್ಲರೂ ಹೇಳುತ್ತಾರೆ, ಒಳ್ಳೆಯ ಮನಸ್ಸಿನವರೂ ಹೇಳುತ್ತಾರೆ. ಮರ ಕಡಿಸುತ್ತಾರೆ. ಮೊಟ್ಟೆ ಒಡೆಯಲಿಲ್ಲ, ಮರಿ ಸಾಯಲಿಲ್ಲ, ಪಾಪ ತಟ್ಟಲಿಲ್ಲ ಎಂದು ಸಮಾಧಾನ ಪಡುತ್ತಾರೆ. ಅಕ್ಟೋಬರಿನಲ್ಲಿ ಜೋಡಿ ಬಂದು ಮರವಿಲ್ಲದ ಆಕಾಶದಲ್ಲಿ ಸುತ್ತುತ್ತದೆ. ಆ ವರ್ಷದ ಮರಿ ಹೋಯಿತು. ಇದಕ್ಕೆ ಯಾವ ದುಷ್ಟನೂ ಕಾರಣನಲ್ಲ, ಇಲ್ಲಿನ ಹದ್ದಿನ ತಿಂಗಳು ಗೊತ್ತಿಲ್ಲದ್ದೇ ಕಾರಣ.

ಇನ್ನೊಂದು ಬದಿ ನೋಡಿ. ನಮ್ಮಲ್ಲಿ ರಸ್ತೆ ಅಗಲ ಮಾಡುವುದು, ಮನೆ ಕಟ್ಟುವುದು, ಮರ ಉರುಳಿಸುವುದು ಎಲ್ಲ ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಮೇ ತನಕ. ಮನುಷ್ಯನ ಕೆಲಸದ ಕಾಲವೂ ಹದ್ದಿನ ಗೂಡಿನ ಕಾಲವೂ ಒಂದರ ಮೇಲೊಂದು ಕೂತಿವೆ. ವಸಂತ ಎಂದು ಓದಿದವನು ಡಿಸೆಂಬರಿನಲ್ಲಿ ಮರದ ಮೇಲೆ ನೋಡುವುದೇ ಇಲ್ಲ, "ಈಗ ಹಕ್ಕಿಗಳ ಕಾಲ ಅಲ್ಲವಲ್ಲ" ಅನ್ನುತ್ತಾನೆ.

"ಹಾಗಾದರೆ ಮಳೆಗಾಲದಲ್ಲೇ ಕಡಿಯೋಣ" ಎಂದು ಹೊರಡುವವರಿಗೆ 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿಸುತ್ತೇವೆ. ಮಲಪ್ಪುರಂ ಜಿಲ್ಲೆಯ ತಿರೂರಂಗಾಡಿ ಹತ್ತಿರ ವಿ.ಕೆ.ಪಡಿಯಲ್ಲಿ ಹೆದ್ದಾರಿ ಅಗಲೀಕರಣಕ್ಕಾಗಿ ಒಂದು ಮರ ಉರುಳಿಸಿದರು. ಮರದ ತುಂಬ ನೀರುಹಕ್ಕಿಗಳ ಗೂಡು. ಮರಿಗಳೂ ದೊಡ್ಡ ಹಕ್ಕಿಗಳೂ ರಾಶಿ ರಾಶಿಯಾಗಿ ಸತ್ತು ಬಿದ್ದ ಆ ವೀಡಿಯೊ ದೇಶವೆಲ್ಲ ನೋಡಿತು. ಅರಣ್ಯ ಇಲಾಖೆ ಕೇಸು ಹಾಕಿತು. ಕೊಕ್ಕರೆ, ನೀರುಕಾಗೆಗಳಿಗೆ ಗದ್ದೆ ತೋಡು ತುಂಬುವ ಮಳೆಗಾಲವೇ ಗೂಡಿನ ಕಾಲ. ಅದೇ ಕರಾವಳಿಯಲ್ಲಿ ಕಡಲ ಹದ್ದಿಗೆ ಮಳೆ ಬಿಟ್ಟ ಮೇಲೆ. ಒಂದೇ ಊರಿನಲ್ಲಿ ಎರಡು ಹಕ್ಕಿಗೆ ಎರಡು ಪಂಚಾಂಗ, ಒಂದೇ ಹಕ್ಕಿಗೆ ಎರಡು ಊರಿನಲ್ಲಿ ಎರಡು ಪಂಚಾಂಗ. ಗೂಡು, ಮೊಟ್ಟೆಗಳನ್ನು ಕೆಡಿಸುವುದನ್ನೂ 1972ರ ವನ್ಯಜೀವಿ ಕಾಯ್ದೆ ಬೇಟೆ ಎಂದೇ ಎಣಿಸುತ್ತದೆ. ಕಾನೂನಿಗೆ ಕೊರತೆಯಿಲ್ಲ. ಯಾವ ತಿಂಗಳು ಯಾವ ಮರ ನೋಡಬೇಕು ಎಂಬ ತಿಳುವಳಿಕೆಗೆ ಕೊರತೆ.

ಅಮೆರಿಕದವರು ಇದನ್ನು ಹೇಗೆ ಮಾಡಿದರು ಎಂದು ಹೇಳಿದರೆ ತಪ್ಪಾಗದು. 2007ರಲ್ಲಿ ಬಾಲ್ಡ್ ಈಗಲ್ ಅಪಾಯದ ಪಟ್ಟಿಯಿಂದ ಹೊರಬಂದಾಗ ಅಲ್ಲಿನ ಕೇಂದ್ರದ ವನ್ಯಜೀವಿ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಒಂದು ಕೋಷ್ಟಕ. ದೇಶಕ್ಕೆಲ್ಲ ಒಂದೇ ಗೆರೆ ಇಲ್ಲ. ಆಗ್ನೇಯ ರಾಜ್ಯಗಳಿಗೆ ಬೇರೆ ಸಾಲು, ಚೆಸಪೀಕ್ ಕೊಲ್ಲಿಗೆ ಬೇರೆ, ಉತ್ತರಕ್ಕೆ, ಪೆಸಿಫಿಕ್ ಬದಿಗೆ, ಅಲಾಸ್ಕಾಕ್ಕೆ ಬೇರೆ ಬೇರೆ. ಗೂಡು ಕಟ್ಟುವುದು, ಮೊಟ್ಟೆ, ಮರಿ, ಹಾರುವುದು, ಎಲ್ಲಕ್ಕೂ ಅಲ್ಲಲ್ಲಿನ ತಿಂಗಳು. ಕಟ್ಟಡದ ಕೆಲಸ ಗೂಡಿನಿಂದ ಎಷ್ಟು ದೂರ ಇರಬೇಕು (330 ಅಡಿ, 660 ಅಡಿ) ಎಂದೂ ಹೇಳಿದ್ದಾರೆ. ಮತ್ತೆ, ಹದ್ದುಗಳಿಗಾಗಿಯೇ 1940ರಿಂದ ಇರುವ ಅಲ್ಲಿನ ಕಾಯ್ದೆಯಲ್ಲಿ ಖಾಲಿ ಗೂಡಿಗೂ ರಕ್ಷಣೆ ಇದೆ. ಖಾಲಿ ಅಂದರೆ ಪಾಳು ಅಲ್ಲ ಎಂದು ಅವರಿಗೆ ಅರ್ಥವಾಗಿದೆ.

ಅವರಿಗೂ ಇದು ಆಕಾಶದಿಂದ ಉದುರಲಿಲ್ಲ. ಚಾರ್ಲ್ಸ್ ಬ್ರೋಲಿ ಎಂಬ ಕೆನಡಾದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದರು. ಚಳಿಗಾಲ ಕಳೆಯಲು ಫ್ಲೋರಿಡಾಕ್ಕೆ ಬರುತ್ತಿದ್ದವರು 1939ರಲ್ಲಿ, ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ಹಗ್ಗದ ಏಣಿ ಹಿಡಿದು ಮರ ಹತ್ತಿ ಹದ್ದಿನ ಮರಿಗಳ ಕಾಲಿಗೆ ಉಂಗುರ ಹಾಕತೊಡಗಿದರು. ಒಟ್ಟು 1,200ಕ್ಕೂ ಹೆಚ್ಚು ಮರಿಗಳಿಗೆ ಹಾಕಿದರು. (ಪೆನ್ಶನ್ ಬಂದ ಮೇಲೆ ಏನು ಮಾಡುವುದು ಎನ್ನುವ ನಮ್ಮ ಹಿರಿಯ ಸಹೋದ್ಯೋಗಿಗಳು ಗಮನಿಸಬೇಕು. ಮರ ಹತ್ತಬೇಕೆಂದು ನಾವು ಹೇಳುತ್ತಿಲ್ಲ!) ಅವರ ಉಂಗುರಗಳಿಂದ ಗೊತ್ತಾಯಿತು, ಚಳಿಗಾಲದಲ್ಲಿ ಹುಟ್ಟಿದ ಫ್ಲೋರಿಡಾದ ಮರಿಗಳು ಬೇಸಗೆಗೆ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ, ಕೆನಡಾದ ತನಕ ಹೋಗುತ್ತವೆ ಎಂದು. ಅದಕ್ಕಿಂತ ದೊಡ್ಡ ವಿಷಯ, 1947ರ ನಂತರ ಗೂಡುಗಳಲ್ಲಿ ಮರಿಗಳೇ ಕಡಿಮೆಯಾಗುತ್ತಾ ಬಂದದ್ದು ಅವರಿಗೆ ತಿಳಿಯಿತು. ಹೇಗೆ ತಿಳಿಯಿತು? ಯಾವ ಗೂಡಿನಲ್ಲಿ ಯಾವ ವಾರ ಮರಿ ಇರಬೇಕು ಎಂಬ ಹಳೆಯ ಲೆಕ್ಕ ಅವರ ಕೈಯಲ್ಲಿ ಇತ್ತು. ಇರಬೇಕಾದಾಗ ಇಲ್ಲ ಅಂದರೆ ಏನೋ ಕೆಟ್ಟಿದೆ. ಡಿಡಿಟಿಯ ಮೇಲೆ ಅವರು ಸಂಶಯ ಪಟ್ಟರು. ರೇಚಲ್ ಕಾರ್ಸನ್ 1962ರ ತಮ್ಮ ಪುಸ್ತಕದಲ್ಲಿ ಬ್ರೋಲಿಯವರ ಲೆಕ್ಕವನ್ನು ಎತ್ತಿಹಿಡಿದರು. 1972ರಲ್ಲಿ ಅಲ್ಲಿ ಡಿಡಿಟಿ ನಿಂತಿತು.

ಕಾಸರಗೋಡಿನವರಿಗೆ ಇದು ಪರದೇಶದ ಕಥೆ ಅನಿಸುವುದಿಲ್ಲ. ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ. 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇಳಿತು. ಎಣ್ಮಕಜೆಯ ಮಕ್ಕಳ ಕಥೆ ನಾವು ಇಲ್ಲಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು, ಹದ್ದಿನ ನೆಪದಲ್ಲಿ ಹೇಳುವಂಥದ್ದೂ ಅಲ್ಲ. ಆದರೆ ಒಂದು ಮಾತು. ಆ ವರ್ಷಗಳಲ್ಲಿ ತೋಟದಲ್ಲಿ ಜೇನು ಇಲ್ಲ, ಹಕ್ಕಿ ಇಲ್ಲ, ತೋಡಿನಲ್ಲಿ ಮೀನು ಇಲ್ಲ ಎಂದು ಊರಿನವರು ಹೇಳಿದಾಗ "ಮೊದಲು ಎಷ್ಟಿತ್ತು, ಲೆಕ್ಕ ತೋರಿಸಿ" ಎಂದು ಕೇಳುವವರಿಗೆ ತೋರಿಸಲು ನಮ್ಮ ಶಾಲೆಗಳ ಕಪಾಟಿನಲ್ಲಿ ಒಂದು ನೋಟ್‌ಬುಕ್ ಇರಲಿಲ್ಲ. ಹಾಜರಿ ಪುಸ್ತಕ ಇತ್ತು, ಮಧ್ಯಾಹ್ನದ ಗಂಜಿಯ ಅಕ್ಕಿಯ ಲೆಕ್ಕ ಇತ್ತು. ಹಕ್ಕಿಯ ಲೆಕ್ಕ ಬರೆಯುವುದು ವಿಜ್ಞಾನ ಎಂದು ನಮಗೆ ಯಾರೂ ಹೇಳಿರಲಿಲ್ಲ. ವಸಂತ ಎಂದು ಬರೆದರೆ ಸಾಕಿತ್ತಲ್ಲ.

ಇದಕ್ಕೆಲ್ಲ ಎದುರು ಹೇಳುವವರದ್ದು ಎರಡು ಮಾತು. ಮೊದಲನೆಯದು, ಮಕ್ಕಳಿಗೆ ಗಲಿಬಿಲಿ ಆಗುತ್ತದೆ, ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು. ಗಲಿಬಿಲಿ ಮಕ್ಕಳಿಗಲ್ಲ, ಉತ್ತರಪತ್ರಿಕೆ ತಿದ್ದುವವರಿಗೆ. ಗಡಿನಾಡಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಆಡಿ, ಬಸ್ಸಿನಲ್ಲಿ ಮಲಯಾಳ ಆಡಿ, ತರಗತಿಯಲ್ಲಿ ಕನ್ನಡ ಬರೆಯುತ್ತದೆ. ಒಂದೇ ವಸ್ತುವಿಗೆ ಜಾಗ ಬದಲಾದಂತೆ ಹೆಸರು ಬದಲಾಗುತ್ತದೆ ಎಂದು ಒಂದನೇ ಕ್ಲಾಸಿಗೆ ಬರುವ ಮೊದಲೇ ಅದಕ್ಕೆ ಗೊತ್ತು. ಜಾಗ ಬದಲಾದಂತೆ ಹದ್ದಿನ ತಿಂಗಳು ಬದಲಾಗುತ್ತದೆ ಎನ್ನುವುದು ಅಂಥ ಮಗುವಿಗೆ ಕಷ್ಟವೇ? ಎರಡನೆಯದು, ಪರೀಕ್ಷೆಗೆ ಬರುವುದಿಲ್ಲವಲ್ಲ. ಬರುವಂತೆ ಮಾಡಬಹುದು. "ನಿಮ್ಮ ಊರಿನಲ್ಲಿ ನೀವು ಕಂಡ ಒಂದು ಹಕ್ಕಿ ಯಾವ ತಿಂಗಳಲ್ಲಿ ಗೂಡು ಕಟ್ಟಿತು? ಆಗ ಮಳೆ, ಬಿಸಿಲು ಹೇಗಿತ್ತು?" ಎಂದು ಕೇಳಿದರೆ ಪ್ರಶ್ನೆಪತ್ರಿಕೆ ಹರಿದುಹೋಗುವುದಿಲ್ಲ. ತಿದ್ದುವವರು ಸ್ವಲ್ಪ ಯೋಚಿಸಬೇಕಾಗುತ್ತದೆ, ಅಷ್ಟೇ.

ಸೋಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳ ಮಿತ್ರರಿಗೆ ಕಡಲೂ ಇಲ್ಲ, ಕಡಲ ಹದ್ದೂ ಇಲ್ಲ. ಆದರೆ ನಿಮ್ಮ ಹುಲ್ಲುಬಯಲಿನಲ್ಲಿ ಹಾವು ಹಿಡಿಯುವ ಗಿಡ್ಡ ಬೆರಳಿನ ಹದ್ದು ಇದೆ. ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಾ ಕೆಳಗೆ ನೋಡುತ್ತದೆ, ಹೊಟ್ಟೆ ಬಿಳಿಚು, ತಲೆ ದಪ್ಪ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಫ್ರಾನ್ಸ್, ಸ್ಪೇನಿನಲ್ಲಿ ಇದೇ ಹಕ್ಕಿ ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿ, ಮಾರ್ಚಿನಲ್ಲಿ ಮರಳಿ, ಏಪ್ರಿಲಿನಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿನ ಹಾವುಗಳು ಚಳಿ ಬಿಟ್ಟು ಹೊರಬರಬೇಕಲ್ಲ. ನಿಮ್ಮಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ಡಿಸೆಂಬರ್ ಕಳೆದು ಜೋಳ ತೆನೆ ಕಟ್ಟುವ ಹೊತ್ತಿಗೆಲ್ಲ ಗೂಡು ಸುರು. ಅಲ್ಲಿನ ಪುಸ್ತಕ ಹಿಡಿದು ಏಪ್ರಿಲ್‌ವರೆಗೆ ಕಾದರೆ ನಿಮಗೆ ಮೊಟ್ಟೆ ಕಾಣದು, ಮರಿಯೇ ಕಂಡೀತು. ಗೂಡು ಇರುವುದು ಗುಡ್ಡದ ಬದಿಯ ಒಂಟಿ ಮರದ ನೆತ್ತಿಯಲ್ಲಿ. ಅದೇ ಮರಕ್ಕೆ ಸೌದೆಯವರ ಕಣ್ಣೂ ಇರುತ್ತದೆ.

ನಾವು ಏನು ಮಾಡುತ್ತಿದ್ದೇವೆ ಎಂದು ಕೇಳಿದರೆ, ದೊಡ್ಡದೇನಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್. ಎಡಕ್ಕೆ ತಾರೀಕು, ಅದರ ಕೆಳಗೆ ತುಳು ತಿಂಗಳು. ಮುಂದೆ ಕೋಲು ತಂದದ್ದು, ಕಾವು ಕೂತದ್ದು, ಮರಿಯ ತಲೆ ಕಂಡದ್ದು, ಮರಿ ಹಾರಿದ್ದು, ಒಂದೊಂದಕ್ಕೂ ಒಂದು ಖಾನೆ. ಮಳೆ, ಗಾಳಿ, ಕಡಲು ಹೇಗಿತ್ತು ಎಂದು ಒಂದು ಖಾನೆ. ಕೊನೆಯ ಖಾನೆಯಲ್ಲಿ ಬರೆದ ಮಗುವಿನ ಹೆಸರು. ಕೆಲವು ಕಟ್ಟುನಿಟ್ಟು ಇದೆ. ಇನ್ನೂರು ಮೀಟರ್ ಒಳಗೆ ಹೋಗಬಾರದು. ಮರ ಹತ್ತಬಾರದು. ಡ್ರೋನ್ ಇರುವ ಚಿಕ್ಕಪ್ಪನನ್ನು ಕರೆಯಬಾರದು. ಗೂಡಿನ ಜಾಗ ಹೊರಗಿನವರಿಗೆ ಹೇಳಬಾರದು, ಫೋಟೋ ಹಾಕಬಾರದು. ತಪ್ಪು ಬರೆದರೆ ಉಜ್ಜಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಕಾಣದ ದಿನ "ಕಾಣಲಿಲ್ಲ" ಎಂದು ಬರೆಯಬೇಕು, ಖಾಲಿ ಬಿಡಬಾರದು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಮರ ನೋಡಿ "ಗೂಡು ಇದೆ, ಹಕ್ಕಿ ಇಲ್ಲ" ಎಂದು ಬರೆಯಬೇಕು. ಮರ ಕಡಿಯಲು ಬಂದವರಿಗೆ ತೋರಿಸಲು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಆ ಪುಟಗಳೇ.

ನಿಮ್ಮ ಶಾಲೆಯಲ್ಲಿ ಇಂಥ ಪುಸ್ತಕ ಮೊದಲೇ ಇದ್ದರೆ ತಿಳಿಸಿ. ಇಲ್ಲದಿದ್ದರೆ ಒಂದು ಗೆರೆ ಹಾಕಿ ಇಡಿ. ಕರಾವಳಿಯವರು ಬೊಂತೆಲ್ ಒಂದರಿಂದ ಬರೆಯಲು ಸುರು ಮಾಡಬಹುದು. ಸೋಲಾಪುರದ ಕಡೆಯವರು ದೀಪಾವಳಿ ರಜೆ ಮುಗಿದ ಮೇಲೆ.